ಹಳೆಯ ಬ್ಯಾಟರಿ ಕೆಟ್ಟದ್ದೇಕೆಂದು ತಿಳಿಯುವವರೆಗೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಅಯಾಲಾ ಕೋವ್ ಎಂಬ ನೀರು ಒಳಚಾಚಿದ ಸಣ್ಣ ಜಾಗವಿದೆ. ಅಲ್ಲಿ ಒಂದು ರಾತ್ರಿ ನೀರಿನ ಮೇಲೆ ತೇಲುವ ಬೂಯಿಗೆ ಕಟ್ಟಿಕೊಂಡು ತಂಗಿದ್ದ ನಾವು ಮರುದಿನ ಬೆಳಿಗ್ಗೆ ಹೊರಡಲೆಂದು ಸೆಲ್ಫ್ ಹೊಡೆದಾಗ ನಮ್ಮ ಹಾಯಿದೋಣಿಯ ಡೀಸೆಲ್ ಎಂಜಿನ್ ಅರ್ಧ ಸುತ್ತು ತಿರುಗಿ ನರಳಿತು. ಎರಡನೆಯ ಸಲ ಬರೀ 'ಟಕ್' ಎಂದಿತು. ಮೂರನೆಯ ಸಲ ಅದೂ ಇರಲಿಲ್ಲ. ಹಿಂದಿನ ರಾತ್ರಿ ಉರಿದದ್ದು ಲಂಗರು ದೀಪ, ಕ್ಯಾಬಿನ್ನಿನ ಎರಡು ದೀಪಗಳು ಮತ್ತು ಫ್ರಿಜ್ಜು, ಅಷ್ಟೇ. ಬ್ಯಾಟರಿ ಸ್ವಿಚ್ಚನ್ನು ಎರಡು ಬ್ಯಾಟರಿಗಳೂ ಸೇರುವ ಗುರುತಿನಲ್ಲೇ ಬಿಟ್ಟು ಮಲಗಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ತಲಾ 90 ಆಂಪಿಯರ್-ಅವರ್‌ನ (ಒಂದು ಆಂಪಿಯರ್ ಕರೆಂಟನ್ನು 90 ಗಂಟೆ ಕೊಡುವಷ್ಟು) ಎರಡು ಬ್ಯಾಟರಿಗಳು ಒಂದೇ ರಾತ್ರಿಯಲ್ಲಿ, ಅದೂ ಇಷ್ಟು ಕಡಿಮೆ ಕೆಲಸಕ್ಕೆ, ಹೀಗೆ ಬರಿದಾಗಬಾರದಿತ್ತು. ಪಕ್ಕದ ಬೂಯಿಯಲ್ಲಿದ್ದವರು ರಬ್ಬರ್ ದೋಣಿಯಲ್ಲಿ, ಎಂಜಿನ್ ಹೊಡೆಯಲು ನೆರವಾಗುವ ಜಂಪ್ ಪ್ಯಾಕ್ ತಂದುಕೊಟ್ಟು ನಮ್ಮನ್ನು ಕಳುಹಿಸಿದರು. ರಕೂನ್ ಜಲಸಂಧಿಯ ಇಳಿತದ ಸೆಳವಿನಲ್ಲಿ ಎಂಜಿನ್ ಮತ್ತೆ ನಿಂತರೆ ಏನು ಗತಿ ಎಂದು ಯೋಚಿಸುತ್ತಲೇ ನಮ್ಮ ದೋಣಿ ನಿಲ್ಲುವ ಕಟ್ಟೆಯಾದ ಬರ್ಕ್ಲಿ ಮರೀನಾ ತಲುಪಿದ ನಾನು, ಅಂದು ಸಂಜೆಯೇ ಹೊಸ ಬ್ಯಾಟರಿ ಹುಡುಕಲು ಕುಳಿತೆ.

ಓದುಗರಿಗೆ ದೋಣಿಯ ವಿದ್ಯುತ್ ವ್ಯವಸ್ಥೆ ಹೊಸದಿರಬಹುದು, ಆದರೆ ನಮ್ಮ ಮನೆಗಳ ಯುಪಿಎಸ್ ಹೊಸದಲ್ಲ. ಕರೆಂಟು ಹೋದಾಗ ಫ್ಯಾನು ತಿರುಗಿಸುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಮಾಡುವ ಕೆಲಸವನ್ನೇ ದೋಣಿಯಲ್ಲಿ 'ಹೌಸ್' ಬ್ಯಾಟರಿ ಮಾಡುತ್ತದೆ: ಕಡಿಮೆ ಕರೆಂಟನ್ನು ಬಹಳ ಹೊತ್ತು ಕೊಡುವುದು. ಎಂಜಿನ್ ಹೊಡೆಯುವ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ನೂರಾರು ಆಂಪಿಯರ್ ಬೇಕು, ಆದರೆ ಕೆಲವೇ ಸೆಕೆಂಡು. ಮೊದಲನೆಯದಕ್ಕೆ ದಪ್ಪ ಪ್ಲೇಟುಗಳ ಬ್ಯಾಟರಿ ಒಗ್ಗುತ್ತದೆ, ಎರಡನೆಯದಕ್ಕೆ ತೆಳು ಪ್ಲೇಟು ಹೆಚ್ಚಿರುವುದು. ಎರಡೂ ಕೆಲಸಕ್ಕೆ ಆಗುತ್ತದೆ ಎಂದು ಮಾರುವ ಬ್ಯಾಟರಿಗಳು ನಮ್ಮ ದೋಣಿಯಲ್ಲಿದ್ದವು, ಮತ್ತು ಅಂಥವು ಎರಡನ್ನೂ ಅರ್ಧಂಬರ್ಧ ಮಾಡುತ್ತವೆ ಎಂಬುದು ನನ್ನ ಅನುಭವ. ದೋಣಿ 1986ರಲ್ಲಿ ಕಟ್ಟಿದ 30 ಅಡಿಯದು. ಅದರ ಎಂಜಿನ್ನಿಗೆ, ಓಡುವಾಗ ಕರೆಂಟು ಮಾಡಿ ಬ್ಯಾಟರಿ ತುಂಬಿಸುವ 55 ಆಂಪಿಯರಿನ ಆಲ್ಟರ್ನೇಟರ್ ಇದೆ. ಮರೀನಾದಲ್ಲಿ ಕಟ್ಟಿದಾಗ ದಡದ 120 ವೋಲ್ಟ್ ಕರೆಂಟಿನಿಂದ ಓಡುವ ಒಂದು ಚಾರ್ಜರ್ ಇದೆ.

ನನ್ನ ಮೊದಲ ಒಲವು ಲಿಥಿಯಂ ಕಡೆಗೇ ಇತ್ತೆಂದು ಮುಚ್ಚಿಡದೆ ಹೇಳುತ್ತೇನೆ. ದೋಣಿಗಳಲ್ಲಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ. ಫೋನುಗಳಲ್ಲಿರುವ ಕೋಬಾಲ್ಟ್ ಮಿಶ್ರಿತ ಬಗೆಗಿಂತ ಇದು ಬಿಸಿಗೆ ಬೇಗ ಬೆದರುವುದಿಲ್ಲ. 12 ವೋಲ್ಟಿನ 100 ಆಂಪಿಯರ್-ಅವರ್‌ನದು ಸುಮಾರು 14 ಕಿಲೋ ತೂಗುತ್ತದೆ, ಅಂದರೆ ಅಷ್ಟೇ ಅಳತೆಯ ಸೀಸದ ಬ್ಯಾಟರಿಯ ಅರ್ಧ. ಸೀಸದ್ದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಷ್ಯ ಸವೆಯುತ್ತದೆ; ಇದನ್ನು ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಮತ್ತು ತಯಾರಕರು ಖಾಲಿಯಾಗಿ ಮತ್ತೆ ತುಂಬುವ ಮೂರು ಸಾವಿರಕ್ಕೂ ಹೆಚ್ಚು ಆವರ್ತಗಳ ಮಾತಾಡುತ್ತಾರೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧವನ್ನು ಹುಡುಕಿ ತೆರೆದರೆ ಅದರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ಮೂರು ಹೆಸರುಗಳು. ಕೊನೆಯವರಿಗೆ 2019ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಾಗಿ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. ನನ್ನ ಕಣ್ಣು ನಿಂತದ್ದು ಮಾತ್ರ ನಡುವಿನ ಹೆಸರಿನ ಮೇಲೆ. ನಂಜುಂಡಸ್ವಾಮಿ ಎಂಬ ಹೆಸರು ಕಂಡ ಮೇಲೆ ಆ ಬ್ಯಾಟರಿಯ ಮೇಲಿನ ಮಮತೆ ಇನ್ನೂ ಒಂದು ತೂಕ ಹೆಚ್ಚಾಯಿತೆಂದರೆ ತಪ್ಪಾಗದು. ಎರಡನ್ನು ಆನ್‌ಲೈನ್ ಅಂಗಡಿಯ ಬುಟ್ಟಿಗೆ ಹಾಕಿಯೂ ಇಟ್ಟೆ.

ಆ ಬೇಸಿಗೆಯಲ್ಲಿ ಅತ್ತೆ-ಮಾವ ಶಿವಮೊಗ್ಗದಿಂದ ಬಂದು ನಮ್ಮ ಮನೆಯಲ್ಲಿದ್ದರು. ಮಾವ ರಾಜ್ಯ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ನಿವೃತ್ತರಾದವರು. 12 ವೋಲ್ಟಿನ ಎರಡೆರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟಿನಲ್ಲಿ ಓಡುವ ಬಸ್ಸುಗಳ ಮಧ್ಯೆ ಮೂವತ್ತು ವರ್ಷ ಕಳೆದವರು. ನಾನು ಲಿಥಿಯಂ ಗುಣಗಾನ ಮಾಡುವುದನ್ನೆಲ್ಲ ಕಾಫಿ ಕುಡಿಯುತ್ತ ಕೇಳಿ, ಲೋಟ ಕೆಳಗಿಟ್ಟು, "ಅದೆಲ್ಲ ಸರಿ ಅಳಿಯಂದ್ರೆ, ಹಳೇದು ಯಾಕೆ ಹೋಯ್ತು?" ಎಂದು ಕೇಳಿದರು.

"ಆರು ವರ್ಷ ಆಗಿತ್ತು ಮಾವ, ವಯಸ್ಸಾಯ್ತು" ಎಂದೆ.

"ವಯಸ್ಸು ಅನ್ನೋದು ಕಾರಣ ಅಲ್ಲ. ನಮ್ಮಲ್ಲಿ ಹಳೇ ಬ್ಯಾಟರಿ ಕಾರ್ಡು ತಂದು ತೋರಿಸದೆ ಹೊಸದು ಇಂಡೆಂಟ್ ಹಾಕೋ ಹಾಗೇ ಇರಲಿಲ್ಲ. ಗ್ರಾವಿಟಿ ನೋಡಿದ್ದೀರಾ?"

ನೋಡಿರಲಿಲ್ಲ. ದೋಣಿ ಕೊಂಡ ಎರಡು ವರ್ಷದಲ್ಲಿ ಬ್ಯಾಟರಿಯ ಆಮ್ಲದ ಗ್ರಾವಿಟಿಯನ್ನು, ಅಂದರೆ ಅದು ನೀರಿಗಿಂತ ಎಷ್ಟು ದಟ್ಟ ಎಂಬುದನ್ನು, ಅಳೆಯುವ ಒಂದು ಹೈಡ್ರೋಮೀಟರನ್ನೂ ಕೊಂಡಿರಲಿಲ್ಲ. ಅಂದೇ ವಾಹನ ಬಿಡಿಭಾಗದ ಅಂಗಡಿಯಿಂದ ಒಂದನ್ನು ತಂದು, ಶನಿವಾರ ಮಾವನನ್ನು ದೋಣಿಗೆ ಕರೆದೊಯ್ದೆ. ಬ್ಯಾಟರಿಗಳಿರುವುದು ಕ್ಯಾಬಿನ್ನಿನ ಎಡಬದಿಯ ಆಸನದ ಕೆಳಗೆ, ಒಂದು ಹಲಗೆಯ ಮುಚ್ಚಳದಡಿ. ಮೂರು ದಿನದಿಂದ ಚಾರ್ಜರ್ ಓಡುತ್ತಲೇ ಇದ್ದು ಅದರ ಹಸಿರು ದೀಪ 'ತುಂಬಿದೆ' ಎಂದು ಸಾರುತ್ತಿತ್ತು. ಮಾವ ಕನ್ನಡಕ ಏರಿಸಿ, ಮೊಣಕಾಲೂರಿ ಕುಳಿತು, ಒಂದೊಂದೇ ಮುಚ್ಚಳ ಬಿಚ್ಚಿ, ರಬ್ಬರ್ ಬುರುಡೆ ಒತ್ತಿ ಆಮ್ಲವನ್ನು ಗಾಜಿನ ಕೊಳವೆಗೆ ಎಳೆದು, ತೇಲುವ ಕಡ್ಡಿ ಗೋಡೆಗೆ ತಾಗದಂತೆ ನೆಟ್ಟಗೆ ಹಿಡಿದು ಓದಿ ಹೇಳುತ್ತ ಹೋದರು. ನನ್ನ ಹೆಂಡತಿ ದೋಣಿಯ ಲಾಗ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಹೌಸ್ ಬ್ಯಾಟರಿಯ ಆರು ಸೆಲ್‌ಗಳಲ್ಲಿ ಐದು 1.220ರಿಂದ 1.230ರ ಒಳಗಿದ್ದವು, ಆರನೆಯದು 1.160. ಚೆನ್ನಾಗಿ ತುಂಬಿದ ಸೀಸದ ಬ್ಯಾಟರಿಯಲ್ಲಿ 1.265ಕ್ಕಿಂತ ಮೇಲಿರಬೇಕು. ಸತ್ತ ಆರನೆಯ ಸೆಲ್ ನನ್ನ ಗಮನ ಸೆಳೆಯಿತು. ಮಾವನ ಗಮನ ಹೋದದ್ದು 'ಚೆನ್ನಾಗಿರುವ' ಐದರ ಕಡೆಗೆ. ಮೂರು ದಿನ ಚಾರ್ಜಿನಲ್ಲಿದ್ದೂ ಅವು ಮುಕ್ಕಾಲು ಪಾಲು ಮಾತ್ರ ತುಂಬಿದ್ದವು.

"ನೀರು ಎಷ್ಟು ದಿನಕ್ಕೆ ಹಾಕ್ತೀರಿ?" ಎಂದರು. ಎರಡು ವರ್ಷದಲ್ಲಿ ಒಮ್ಮೆಯೂ ಡಿಸ್ಟಿಲ್ಡ್ ವಾಟರ್ ಹಾಕುವ ಪ್ರಮೇಯವೇ ಬಂದಿಲ್ಲವೆಂದು, ಸ್ವಲ್ಪ ಹೆಮ್ಮೆಯಿಂದಲೇ, ಹೇಳಿದೆ. "ನೀರು ಕುಡಿಯದ ಬ್ಯಾಟರಿ ಊಟಾನೇ ಮಾಡಿಲ್ಲ ಅಂತ ಅರ್ಥ" ಎಂದರು ಅವರು.

ಮಾತು ತಮಾಷೆಯಂತೆ ಕೇಳಿದರೂ ಅದರಲ್ಲಿ ರಸಾಯನವಿದೆ. ಸೀಸದ ಬ್ಯಾಟರಿ ಖಾಲಿಯಾಗುವಾಗ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ತುಂಬುವಾಗ ಅದು ಕರಗಿ ಮತ್ತೆ ಆಮ್ಲವಾಗುತ್ತದೆ. ಕೊನೆಯ ಪಾಲು ಸಲ್ಫೇಟ್ ಕರಗಲು ಸಾಕಷ್ಟು ಎತ್ತರದ ವೋಲ್ಟೇಜನ್ನು ಸಾಕಷ್ಟು ಹೊತ್ತು ಕೊಡಬೇಕು, ಮತ್ತು ಆ ಹಂತದಲ್ಲಿ ಸ್ವಲ್ಪ ನೀರು ಒಡೆದು ಜಲಜನಕವಾಗಿ ಹೋಗುವುದು ಸಹಜ. ನೀರು ಖರ್ಚೇ ಆಗಿಲ್ಲವೆಂದರೆ ಬ್ಯಾಟರಿ ಆ ಹಂತ ಮುಟ್ಟಿಯೇ ಇಲ್ಲ. ಕರಗದೆ ಉಳಿದ ಸಲ್ಫೇಟ್ ದಿನ ಕಳೆದಂತೆ ಗಟ್ಟಿ ಹರಳಾಗಿ ಪ್ಲೇಟಿನ ಅಷ್ಟು ಭಾಗವನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ನಮ್ಮವು 90 ಎಂದು ಬರೆದುಕೊಂಡು, ಬಹುಶಃ ಅದರ ಅರ್ಧದಷ್ಟೂ ಹಿಡಿಯದ ಸ್ಥಿತಿಗೆ ಬಂದಿದ್ದವು.

ಹಾಗಾದರೆ ವೋಲ್ಟೇಜು ಎಲ್ಲಿ ಹೋಗುತ್ತಿದೆ? ಎಂಜಿನ್ ಓಡಿಸಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ಇಟ್ಟು, ಕೆಂಪು ಕಡ್ಡಿಯನ್ನು ದಾರಿಯುದ್ದಕ್ಕೂ ಸರಿಸುತ್ತ ಬಂದೆವು. ಆಲ್ಟರ್ನೇಟರಿನ ಬೆನ್ನಿನ ಬೋಲ್ಟಿನಲ್ಲಿ 14.1. ಅಲ್ಲಿಂದ ಎಂಜಿನ್ ಕೋಣೆಯ ಗೋಡೆಗೆ ಬಡಿದಿದ್ದ, ರೆಕ್ಕೆಗಳುಳ್ಳ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯ ಒಳತುದಿಯಲ್ಲಿ 14.0. ಅದೇ ಪೆಟ್ಟಿಗೆಯ ಹೊರತುದಿಯಲ್ಲಿ 13.3. ಬ್ಯಾಟರಿಯಲ್ಲಿ 13.1. ಆ ಪೆಟ್ಟಿಗೆ ಡಯೋಡ್ ಐಸೊಲೇಟರ್: ಒಂದು ಆಲ್ಟರ್ನೇಟರಿನಿಂದ ಎರಡು ಬ್ಯಾಟರಿ ತುಂಬಿಸುವಾಗ ಒಂದರ ಕರೆಂಟು ಇನ್ನೊಂದಕ್ಕೆ ಹಿಂದಕ್ಕೆ ಹರಿಯದಂತೆ ತಡೆಯುವ ಹಳೆಯ ಉಪಾಯ. ಸಿಲಿಕಾನ್ ಡಯೋಡನ್ನು ದಾಟಲು ಕರೆಂಟು 0.6ರಿಂದ 0.7 ವೋಲ್ಟಿನ ಸುಂಕ ಕಟ್ಟಲೇಬೇಕು. ಆಲ್ಟರ್ನೇಟರಿನ ರೆಗ್ಯುಲೇಟರ್ ತನ್ನ ಬೆನ್ನಿನ ವೋಲ್ಟೇಜನ್ನು ಮಾತ್ರ ನೋಡಿ ಸಾಕೆಂದು ಕೈ ಬಿಗಿ ಹಿಡಿಯುತ್ತದೆ. ಸುಂಕದ ಸಂಗತಿ ಅದಕ್ಕೆ ತಿಳಿಯದು. ಇಷ್ಟೇ ಆಗಿದ್ದರೆ ದಡದ ಚಾರ್ಜರ್ ಉಳಿದ ಕೊರತೆ ತುಂಬುತ್ತಿತ್ತು. ಆದರೆ ದೋಣಿಯ ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಆ ಚಾರ್ಜರಿನ ತಂತಿಯನ್ನೂ ಅದೇ ಪೆಟ್ಟಿಗೆಯ ಒಳತುದಿಗೇ ಕಟ್ಟಿದ್ದರು. ಹೀಗೆ ದಡದಿಂದ ಬಂದದ್ದೂ ಎಂಜಿನ್ನಿನಿಂದ ಬಂದದ್ದೂ ಒಂದೇ ಸುಂಕದಕಟ್ಟೆ ದಾಟಿ, ಬ್ಯಾಟರಿಗಳು ಆರು ವರ್ಷ ಅರೆಹೊಟ್ಟೆಯಲ್ಲಿದ್ದವು. ಬುಟ್ಟಿಯಲ್ಲಿಟ್ಟಿದ್ದ ಲಿಥಿಯಂ ಅನ್ನು ಹಾಗೇ ತಂದು ಕೂರಿಸಿದ್ದರೂ ಅವುಗಳಿಗೆ ಸಿಗುತ್ತಿದ್ದದ್ದು ಇದೇ 13.1.

ಉಳಿದ 0.2 ವೋಲ್ಟಿನ ಕತೆ ತಂತಿಯದು. ತಂತಿಯ ತುದಿಯ ಲೋಹದ ಕೊಂಡಿಯಾದ ಲಗ್ಗಿನ ಬುಡದಲ್ಲಿ ರಬ್ಬರನ್ನು ಸೀಳಿ ನೋಡಿದಾಗ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು; ಇನ್ನೂ ಒಂದು ಗೇಣು ಒಳಕ್ಕೆ ಸೀಳಿದರೂ ಎಳೆಗಳು ಕಪ್ಪಾಗಿಯೇ ಇದ್ದವು. ಉಪ್ಪುಗಾಳಿ ಲಗ್ಗಿನ ಬಾಯಿಂದ ಒಳಹೊಕ್ಕು ಎಳೆಗಳ ಸಂದಿನಲ್ಲಿ ತೆವಳುತ್ತ ಹೋಗುತ್ತದೆ, ಅದಕ್ಕೇ ದೋಣಿಗೆ ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಬೇಕೆನ್ನುತ್ತಾರೆ.

ಇಷ್ಟು ತಿಳಿದ ಮೇಲೆ ಯಾವ ಬ್ಯಾಟರಿ ಎಂಬ ಪ್ರಶ್ನೆಗೆ ಮರಳಿದೆವು, ಈ ಸಲ ಕಾಗದ ಪೆನ್ಸಿಲ್ಲಿನೊಂದಿಗೆ. ಲಂಗರು ಹಾಕಿ ನಿಂತ ಒಂದು ಪೂರ್ತಿ ದಿನದ ಖರ್ಚನ್ನು ಲೆಕ್ಕ ಹಾಕಿದಾಗ ಫ್ರಿಜ್ಜು ಉಳಿದದ್ದನ್ನೆಲ್ಲ ನುಂಗಿಹಾಕಿತು: ಅದರ ಕಂಪ್ರೆಸರ್ ಓಡುವಾಗ 4.5 ಆಂಪಿಯರ್ ಎಳೆಯುತ್ತದೆ, ದಿನದ ಶೇಕಡ 40ರಷ್ಟು ಹೊತ್ತು ಓಡುತ್ತದೆಂದು ಹಿಡಿದರೂ 43 ಆಂಪಿಯರ್-ಅವರ್. ಆಟೋಪೈಲಟ್ ಐದು ಗಂಟೆಗೆ 10, ದಾರಿಯ ನಕ್ಷೆ ತೋರಿಸುವ ಚಾರ್ಟ್‌ಪ್ಲಾಟರ್ 8, ಫೋನು ಮತ್ತು ಟ್ಯಾಬ್ಲೆಟ್ 8, ಕಿವಿಗೊಟ್ಟು ಕುಳಿತ ವಿಎಚ್‌ಎಫ್ ರೇಡಿಯೋ 4, ಕ್ಯಾಬಿನ್ನಿನ ಎಲ್‌ಇಡಿ ದೀಪಗಳು 4, ಲಂಗರು ದೀಪ 2, ನೀರಿನ ಪಂಪು 1. ಒಟ್ಟು 80. ಲಂಗರು ದೀಪ ಹಳೆಯ 10 ವಾಟಿನ ಬಲ್ಬಾಗಿದ್ದರೆ ಅದೊಂದೇ 8 ಕೇಳುತ್ತಿತ್ತು. ಅದನ್ನು ಬದಲಿಸಿದ್ದು, ಎರಡು ವರ್ಷದಲ್ಲಿ ನಾನು ಮಾಡಿದ್ದ ಒಂದೇ ಜಾಣತನ.

ಎರಡನೆಯ ಲೆಕ್ಕ ನನ್ನ ಹೆಂಡತಿಯದು, ಮತ್ತು ನಿಜವಾಗಿ ತೀರ್ಮಾನ ಮಾಡಿದ್ದು ಅದೇ. ದೋಣಿ ಕೊಂಡಾಗ ನಮ್ಮ ತಲೆಯಲ್ಲಿದ್ದದ್ದು ಮೆಕ್ಸಿಕೋ ತನಕದ ಪಯಣ. ಅವಳು ಲಾಗ್ ಪುಸ್ತಕ ತಿರುವಿ ಹಾಕಿ ಎಣಿಸಿದಾಗ, ಎರಡು ವರ್ಷದಲ್ಲಿ ನಾವು ದೋಣಿ ಬಿಚ್ಚಿದ್ದು 61 ದಿನ. ಹೊರಗೆ ಮಲಗಿದ್ದು 19 ರಾತ್ರಿ. ಸತತ ಎರಡು ರಾತ್ರಿ ಲಂಗರಿನಲ್ಲಿ ಕಳೆದದ್ದು ನಾಲ್ಕು ಸಲ, ಮೂರು ರಾತ್ರಿ ಒಂದೇ ಸಲ. ಉಳಿದ ದಿನಗಳೆಲ್ಲ ದೋಣಿ ಮರೀನಾದಲ್ಲಿ ದಡದ ಕರೆಂಟಿಗೆ ಕಟ್ಟಿಕೊಂಡಿತ್ತು. "ನಾವು ಮೆಕ್ಸಿಕೋಗೆ ಬ್ಯಾಟರಿ ಕೊಳ್ತಾ ಇದೀವೋ ಏಂಜೆಲ್ ಐಲ್ಯಾಂಡಿಗೋ?" ಎಂದಳು. ನನಗೆ ಕೋಪ ಬಂತು, ಉತ್ತರ ಬರಲಿಲ್ಲ.

ಲಿಥಿಯಂ ಅನ್ನು ಅಷ್ಟಕ್ಕೇ ಕೈಬಿಡಲು ಮನಸ್ಸಾಗದೆ ಅದರ ಪೂರ್ತಿ ಪಟ್ಟಿಯನ್ನೂ ಮಾಡಿದೆ. ಅದರ ಒಳತಡೆ ಬಹಳ ಕಡಿಮೆ. ಎಷ್ಟು ಕೊಟ್ಟರೂ ತುಂಬುವವರೆಗೆ ಎಳೆಯುತ್ತಲೇ ಇರುತ್ತದೆ. ನಮ್ಮ ಸಣ್ಣ ಆಲ್ಟರ್ನೇಟರ್ ಎಂಜಿನ್ನಿನ ಕಡಿಮೆ ವೇಗದಲ್ಲಿ, ಫ್ಯಾನಿನ ಗಾಳಿಯೂ ಸಾಲದೆ, ಗಂಟೆಗಟ್ಟಲೆ ಪೂರ್ತಿ ಹೊರೆ ಹೊತ್ತರೆ ಸುರುಳಿ ಸುಟ್ಟುಹೋಗುವ ಭಯವಿದೆ. ಇನ್ನೊಂದು ಅಪಾಯ ಅದರೊಳಗಿನ ಕಾವಲುಗಾರನಾದ ಬಿಎಂಎಸ್‌ನಿಂದ ಬರುತ್ತದೆ: ಏನೋ ಹೆಚ್ಚುಕಡಿಮೆಯಾಯಿತೆಂದು ಅದು ಚಾರ್ಜಿನ ನಡುವೆ ಸಂಪರ್ಕ ಕಡಿದರೆ, ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜು ಒಮ್ಮೆಲೇ ಮೇಲಕ್ಕೆ ಜಿಗಿದು ಅದರ ಡಯೋಡುಗಳನ್ನೂ, ಜೊತೆಗೆ ರೇಡಿಯೋ, ಚಾರ್ಟ್‌ಪ್ಲಾಟರುಗಳನ್ನೂ ಕೊಲ್ಲಬಹುದು. ಎರಡಕ್ಕೂ ಪರಿಹಾರ ಇದೆ. ಆಲ್ಟರ್ನೇಟರ್ ಅನ್ನು ಸ್ಟಾರ್ಟರಿನ ಸೀಸದ ಬ್ಯಾಟರಿಗೇ ಕಟ್ಟಿ, ಅಲ್ಲಿಂದ 30 ಆಂಪಿಯರ್‌ಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಉಣಿಸುವುದು. ಜೊತೆಗೆ, ಶಾರ್ಟ್ ಆದಾಗ ಲಿಥಿಯಂ ಬಿಡುವ ಭಾರೀ ಕರೆಂಟನ್ನು ಕಡಿಯಬಲ್ಲ, 20,000 ಆಂಪಿಯರಿನವರೆಗೆ ತಾಳುವ ಕ್ಲಾಸ್ ಟಿ ಫ್ಯೂಸ್ ಬೇಕು. ಅಮೆರಿಕದ ದೋಣಿ ತಯಾರಿಕೆಯ ಮಾನದಂಡಗಳನ್ನು ಬರೆಯುವ ಎಬಿವೈಸಿ ಸಂಸ್ಥೆ ಲಿಥಿಯಂಗೆಂದೇ ಇ-13 ಎಂಬ ಮಾನದಂಡವನ್ನು ಹೊರತಂದಿದೆ. ನಮ್ಮ ವಿಮಾ ಕಂಪನಿಗೆ ಫೋನ್ ಮಾಡಿದಾಗ, ಅದಕ್ಕೆ ಒಪ್ಪುವಂತೆ ಅರ್ಹ ಎಲೆಕ್ಟ್ರಿಷಿಯನ್ ಕೂರಿಸಿದ ದಾಖಲೆ ಕೊಡಬೇಕೆಂದರು. ಹೆಸರಾಂತ ಕಂಪನಿಯ 100 ಆಂಪಿಯರ್-ಅವರ್‌ನ ಒಂದಕ್ಕೆ ನಾನು ವಿಚಾರಿಸಿದ ದಿನ 900 ಡಾಲರಿನ ಆಸುಪಾಸು ಇತ್ತು. ಎರಡು ಬ್ಯಾಟರಿ, ಡಿಸಿ-ಡಿಸಿ ಚಾರ್ಜರ್, ಫ್ಯೂಸು, ಕೂಲಿ ಎಲ್ಲ ಸೇರಿ ಮೂರು ಸಾವಿರ ದಾಟುತ್ತಿತ್ತು. ವರ್ಷಗಟ್ಟಲೆ ಲಂಗರಿನ ಮೇಲೇ ಬದುಕುವವರಿಗೆ ಅದು ದುಬಾರಿಯಲ್ಲ, ಅವರಿಗೆ ನಾನೇ ಅದನ್ನು ಸೂಚಿಸುತ್ತೇನೆ. ವರ್ಷಕ್ಕೆ ಹತ್ತು ರಾತ್ರಿಯವರಿಗೆ ಅದು ಮದುವೆಗೆ ತಂದ ಬೆಳ್ಳಿತಟ್ಟೆಯಲ್ಲಿ ದಿನವೂ ಉಪ್ಪಿಟ್ಟು ತಿಂದಂತೆ.

ಎಜಿಎಂ ಎಂಬ ನಡುದಾರಿಯೂ ಇತ್ತು. ಅದೂ ಸೀಸವೇ, ಆದರೆ ಆಮ್ಲವನ್ನು ಗಾಜಿನ ನಾರಿನ ಚಾಪೆ ಹೀರಿಕೊಂಡಿರುವುದರಿಂದ ಚೆಲ್ಲದು, ನೀರು ಕೇಳದು, ಬೇಗ ತುಂಬುತ್ತದೆ. ಬೆಲೆ ಸುಮಾರು ಎರಡು ಪಟ್ಟು. ಮಾವನ ಆಕ್ಷೇಪ ಬೇರೆಯೇ ಇತ್ತು: "ಮುಚ್ಚಳ ತೆಗೆಯೋಕೆ ಬರದಿದ್ರೆ ಗ್ರಾವಿಟಿ ಹೇಗೆ ನೋಡ್ತೀರಿ?" ನೋಡಲಾಗದು. ಅರೆಹೊಟ್ಟೆಯಲ್ಲಿ ಬಿಟ್ಟರೆ ಅದಕ್ಕೂ ಸಲ್ಫೇಟ್ ಹಿಡಿಯುತ್ತದೆ, ಹಿಡಿದದ್ದು ತಿಳಿಯುವುದು ತಡವಾಗಿ. ಆರು ವರ್ಷ ಹಸಿರು ದೀಪವನ್ನು ನಂಬಿದ್ದ ದೋಣಿಯಲ್ಲಿ ಕಣ್ಣಿಗೆ ಕಾಣುವ ಆಮ್ಲವೇ ಮೇಲೆಂದು ನನಗೂ ಅನ್ನಿಸಿತು.

ಕೊನೆಗೆ ಉಳಿದದ್ದು ಗಾಲ್ಫ್ ಮೈದಾನದ ಗಾಡಿಗಳಿಗೆಂದು ತಯಾರಾಗುವ 6 ವೋಲ್ಟಿನ ಬ್ಯಾಟರಿ. ದಿನವೂ ಖಾಲಿಯಾಗಿ ದಿನವೂ ತುಂಬಲೆಂದೇ ದಪ್ಪ ಪ್ಲೇಟು ಹಾಕಿ ಮಾಡಿದ್ದು ಅದು. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್. ನಾವು ನೋಡಿದ ಟ್ರೋಜನ್ ಟಿ-105 ಒಂದೊಂದು 225 ಆಂಪಿಯರ್-ಅವರ್, 28 ಕಿಲೋ. ಸರಣಿಯಲ್ಲಿ ವೋಲ್ಟ್ ಕೂಡುತ್ತದೆ, ಆಂಪಿಯರ್-ಅವರ್ ಕೂಡುವುದಿಲ್ಲ, ಆದ್ದರಿಂದ ಒಟ್ಟು 225. ಅದರ ಅರ್ಧ 112, ಅಂದರೆ ಫ್ರಿಜ್ಜಿನೊಂದಿಗೆ ಒಂದೂವರೆ ದಿನಕ್ಕೆ ಸ್ವಲ್ಪ ಕಡಿಮೆ. ನಡುವೆ ಎಂಜಿನ್ ಒಂದು ಗಂಟೆ ಓಡಿಸಿದರೆ ಎರಡು ರಾತ್ರಿ ದಾಟಬಹುದು. ಒಂದು ದೋಷವನ್ನು ಮುಚ್ಚಿಡಬಾರದು: ಸರಣಿಯ ಎರಡರಲ್ಲಿ ಒಂದು ಕೆಟ್ಟರೆ ಇಡೀ ಜೋಡಿ ಹೋದಂತೆಯೇ. ಅದಕ್ಕಾಗಿಯೇ ಎಂಜಿನ್ನಿಗೆ ಬೇರೆಯದೇ ಸಣ್ಣ ಬ್ಯಾಟರಿ ಇಡಲು ನಿರ್ಧರಿಸಿದೆವು.

ದುಡ್ಡು ಕೊಡುವ ಮೊದಲು ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಒತ್ತಿ ಹೇಳುತ್ತೇನೆ. ರಟ್ಟಿನ ಡಬ್ಬಿಗಳನ್ನು ಕತ್ತರಿಸಿ, 26 ಸೆಂಟಿಮೀಟರ್ ಉದ್ದ, 18 ಅಗಲ, 28 ಎತ್ತರದ ಎರಡು ಹುಸಿ ಬ್ಯಾಟರಿಗಳನ್ನು ಮಾಡಿ ಆಸನದಡಿ ಇಟ್ಟು ನೋಡಿದೆವು. ಉದ್ದ ಅಗಲಗಳಲ್ಲಿ ಹಳೆಯದಕ್ಕಿಂತ ಚೆನ್ನಾಗಿಯೇ ಕೂತವು. ಎತ್ತರದಲ್ಲಿ ಮುಚ್ಚಳದ ಹಲಗೆ ಮೂರು ಸೆಂಟಿಮೀಟರ್ ಮೇಲೆಯೇ ನಿಂತಿತು. ಹಳೆಯವು 23 ಸೆಂಟಿಮೀಟರ್ ಎತ್ತರದವು. ಈ ವ್ಯತ್ಯಾಸವನ್ನು ಕಾಗದದಲ್ಲಿ ಓದಿಯೂ ನನ್ನ ತಲೆಗೆ ಹೋಗಿರಲಿಲ್ಲ. ಟರ್ಮಿನಲ್ಲಿನ ಮೇಲೆ ಲಗ್ಗು, ಅದರ ಮೇಲೆ ಫ್ಯೂಸು, ಅದರ ಮೇಲೆ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸುವಷ್ಟು ಜಾಗ ಬೇರೆ ಬೇಕು. ಒಂದು ವಾರ ಯೋಚಿಸಿ, ಬ್ಯಾಟರಿ ಕೂರುತ್ತಿದ್ದ ಪ್ಲೈವುಡ್ ಅಟ್ಟಣಿಗೆಯನ್ನು ಕಿತ್ತು ಆರು ಸೆಂಟಿಮೀಟರ್ ಕೆಳಗೆ, ಹೊಸ ತೊಲೆಗಳ ಮೇಲೆ, ಎಪಾಕ್ಸಿ ಹಚ್ಚಿ ಕೂರಿಸಿದೆ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಈ ಬಡಗಿ ಕೆಲಸವೇ.

ಗಾಳಿಯಾಡುವ ದಾರಿಯನ್ನೂ ಆಗಲೇ ಮಾಡಿದೆವು. ತುಂಬುವಾಗ ಹೊರಡುವ ಜಲಜನಕ ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಮತ್ತು ಅದು ಮೇಲಕ್ಕೇ ಏರುವ ಅನಿಲ. ಆದ್ದರಿಂದ ತೂತು ಪೆಟ್ಟಿಗೆಯ ಅತ್ಯಂತ ಮೇಲ್ಭಾಗದಲ್ಲಿರಬೇಕು. ನಮ್ಮದರಲ್ಲಿ ಯಾರೋ ಕೆಳಗೆ ಕೊರೆದಿದ್ದರು. ಹಾಯಿ ಏರಿಸಿದ ದೋಣಿ ಸಲೀಸಾಗಿ 25 ಡಿಗ್ರಿ ವಾಲುತ್ತದೆ. ಹೀಗೆ ವಾಲಿದಾಗ ಬ್ಯಾಟರಿ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದೆಂಬುದು ಎಬಿವೈಸಿ ನಿಯಮ. ಆಮ್ಲ ಚೆಲ್ಲಿದರೆ ಹಿಡಿಯಲು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ಸ್ಟೀಲ್ ಬಕಲಿನ ಪಟ್ಟಿ.

ಅಂಗಡಿಯಲ್ಲಿ ಮಾವ ಮೊದಲು ನೋಡಿದ್ದು ಟರ್ಮಿನಲ್ಲಿನ ಮೇಲೆ ಒತ್ತಿದ ತಿಂಗಳ ಅಕ್ಷರ ಮತ್ತು ವರ್ಷದ ಅಂಕಿಯನ್ನು. ಮುಂದಿನ ಸಾಲಿನಲ್ಲಿದ್ದವು ಎಂಟು ತಿಂಗಳ ಹಳೆಯವು. ಸುಮ್ಮನೆ ಇಟ್ಟ ಸೀಸದ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಹಿಂದಿನ ಸಾಲಿನಿಂದ ಒಂದೇ ತಿಂಗಳಲ್ಲಿ ತಯಾರಾದ ಎರಡನ್ನು ತೆಗೆಸಿ, ಎರಡರ ವೋಲ್ಟೂ ಅಳೆದು, ಹೊಂದಿಕೆಯಾದ ಮೇಲೆಯೇ ತಲೆಯಾಡಿಸಿದರು. ಅಂಗಡಿಯ ಹುಡುಗ ತಾಳ್ಮೆಯಿಂದಲೇ ಸಹಕರಿಸಿದ. ಹಳೆಯವನ್ನು ಮರಳಿಸಿದ್ದಕ್ಕೆ ಠೇವಣಿ ವಾಪಸು ಬಂತು.

ಜೋಡಣೆಯಲ್ಲಿ ಮುಖ್ಯವಾದದ್ದು ಸುಂಕದಕಟ್ಟೆಯನ್ನು ಕಿತ್ತೊಗೆದದ್ದು. ಡಯೋಡ್ ಪೆಟ್ಟಿಗೆಯ ಜಾಗಕ್ಕೆ ಬಂದದ್ದು ಎಸಿಆರ್ ಎಂಬ ರಿಲೇ: ಯಾವುದೇ ಒಂದು ಬ್ಯಾಟರಿಯಲ್ಲಿ 13.0 ವೋಲ್ಟ್ 90 ಸೆಕೆಂಡು ನಿಂತರೆ, ಅಂದರೆ ಎಲ್ಲಿಂದಲೋ ಚಾರ್ಜು ಬರುತ್ತಿದೆಯೆಂದಾದರೆ, ಅದು ಎರಡನ್ನೂ ಸೇರಿಸುತ್ತದೆ. ಚಾರ್ಜು ನಿಂತು 12.75ಕ್ಕೆ ಇಳಿದು 30 ಸೆಕೆಂಡಾದರೆ ಬೇರೆ ಮಾಡುತ್ತದೆ. ದಾರಿಯಲ್ಲಿ ಕಳೆದುಹೋಗುವ ವೋಲ್ಟು ನಗಣ್ಯ, ಮತ್ತು ಸ್ವಿಚ್ಚನ್ನು ಎರಡೂ ಸೇರುವ ಗುರುತಿನಲ್ಲಿ ಬಿಡದಿದ್ದರೆ ಎಂಜಿನ್ನಿನ ಬ್ಯಾಟರಿ ರಾತ್ರಿ ಖಾಲಿಯಾಗದು. ಹೌಸ್ ಬ್ಯಾಟರಿಯ ಧನ ತುದಿಯಲ್ಲೇ ಫ್ಯೂಸು ಕೂತಿತು; ಹಿಂದೆ ಆ ತಂತಿಗೆ ಫ್ಯೂಸೇ ಇರಲಿಲ್ಲವೆಂಬುದನ್ನು ನೆನೆದರೆ ಈಗಲೂ ಬೆವರುತ್ತೇನೆ. ದಡದ ಚಾರ್ಜರನ್ನು 30 ಆಂಪಿಯರಿನ, ಮೂರು ಹಂತದ್ದಕ್ಕೆ ಬದಲಿಸಿ ನೇರ ಬ್ಯಾಟರಿಗೇ ಕಟ್ಟಿದೆ. ಈ ಬಗೆಯ ಬ್ಯಾಟರಿಗೆ ಅದರ ಅಳತೆಯ ಶೇಕಡ 10ರಿಂದ 13ರಷ್ಟು ಆಂಪಿಯರ್ ಸೂಕ್ತ, ನಮ್ಮದಕ್ಕೆ 30 ಮೇಲಿನ ಅಂಚು. ಕೊನೆಯ ಪಾಲು ತುಂಬಿಸುವ ಅಬ್ಸಾರ್ಪ್ಶನ್ ಹಂತವನ್ನು 14.8 ವೋಲ್ಟಿಗೆ ಇಟ್ಟೆವು. ಆಲ್ಟರ್ನೇಟರ್ ಈಗಲೂ 14.1ರಲ್ಲೇ ನಿಲ್ಲುತ್ತದೆ, ಆದರೆ ಆ 14.1 ಈಗ ಬ್ಯಾಟರಿಯಲ್ಲೇ ಕಾಣುತ್ತದೆ. ಉಳಿದ ಊಟ ಮರೀನಾಕ್ಕೆ ಬಂದ ಮೇಲೆ.

ಋಣ ತಂತಿಯಲ್ಲಿ ಕರೆಂಟು ಅಳೆಯುವ ಒಂದು ಶಂಟ್ ಸೇರಿಸಿದ್ದರಿಂದ ಬಂದ ಕರೆಂಟು, ಹೋದ ಕರೆಂಟು ಎಲ್ಲವೂ ಫೋನಿನಲ್ಲಿ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಗೋಲ್ಡನ್ ಗೇಟ್ ದಾಟಿ ಉತ್ತರಕ್ಕೆ ಡ್ರೇಕ್ಸ್ ಕೊಲ್ಲಿಗೆ ಹೋಗಿ ಎರಡು ರಾತ್ರಿ ಲಂಗರು ಹಾಕಿದೆವು. ಮೊದಲ 24 ಗಂಟೆಗೆ 74 ಆಂಪಿಯರ್-ಅವರ್ ಹೋಗಿ ಶೇಕಡ 67 ಉಳಿದಿತ್ತು. ಕಾಗದದ 80ಕ್ಕೆ ಇದು ಇಷ್ಟು ಹತ್ತಿರ ಬಂದೀತೆಂದು ನಾನು ಎಣಿಸಿರಲಿಲ್ಲ. ಎಂಜಿನ್ ಒಂದು ಗಂಟೆ ಓಡಿಸಿದಾಗ 38 ಆಂಪಿಯರಿನಿಂದ ಶುರುವಾದ ಚಾರ್ಜು ಗಂಟೆಯ ಕೊನೆಗೆ 24ಕ್ಕೆ ಇಳಿದಿತ್ತು. ಎರಡನೆಯ ಬೆಳಿಗ್ಗೆ ಶೇಕಡ 48. ಅರ್ಧದ ಗೆರೆಗಿಂತ ಎರಡು ಅಂಶ ಕೆಳಗೆ. ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಎದ್ದಿತು.

ಆ ಎರಡು ಅಂಶಕ್ಕಾಗಿ ನಾನು 100 ವಾಟಿನ ಸೌರಫಲಕವೊಂದರ ಬೆಲೆ ನೋಡುತ್ತಿದ್ದಾಗ, ಮರುಸಲ ಎರಡನೆಯ ದಿನ ಫ್ರಿಜ್ಜು ಆರಿಸಿ ಒಳಗೆ ಒಂದು ಮಂಜುಗಡ್ಡೆ ಇಟ್ಟರಾಯಿತು ಎಂದು ಹೆಂಡತಿ ಹೇಳಿದಳು. ಆ ಚರ್ಚೆ ಇನ್ನೂ ನಡೆದಿದೆ. ಮಾವ ಅಕ್ಟೋಬರಿನಲ್ಲಿ ಊರಿಗೆ ಹೊರಡುವ ಮೊದಲು ರಟ್ಟಿನ ತುಂಡಿನ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಒಂದು ಕಾರ್ಡು ಮಾಡಿಕೊಟ್ಟರು: ತಾರೀಖು, ಆರು ಸೆಲ್, ನೀರು. ಪ್ರತಿ ತಿಂಗಳ ಮೊದಲ ಶನಿವಾರ ಅದನ್ನು ತುಂಬಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಜನವರಿಯಲ್ಲಿ ಆರೂ ಸೆಲ್ ಸೇರಿ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಕುಡಿದಿದ್ದವು. ಗೋಡೆಯ ಬದಿಯ ಸೆಲ್ಲಿನ ಮಟ್ಟ ನೋಡಲು ದಂತವೈದ್ಯರ ಬಳಿಯಿರುವಂಥ ಸಣ್ಣ ಕನ್ನಡಿಯೊಂದನ್ನು ಕೊಳ್ಳಬೇಕಾಯಿತು. ಐದು ಸೆಲ್ 1.275, ನಾಲ್ಕನೆಯದು ಮಾತ್ರ 1.265. ಅದರ ಕೆಳಗೆ ಮಾವ ಅಲ್ಲಿಂದಲೇ ಕೆಂಪು ಗೆರೆ ಎಳೆದು ಚಿತ್ರ ವಾಪಸು ಕಳಿಸಿದ್ದಾರೆ: "ನಾಲ್ಕು, ಮುಂದಿನ ತಿಂಗಳು ಮತ್ತೆ ನೋಡಿ."